ಸಾಯಬಣ್ಣ ಕೈ ಹಚ್ಚಿದ್ದು

ನನ್ನ ಬಾಯಿ ಸರಿಯಿಲ್ಲವೆಂದು ಬೈಯಪ್ಪನಹಳ್ಳಿಯಲ್ಲೆಲ್ಲ ಹೆಸರು. ಇರಲಿ ಬಿಡಿ. ನನ್ನ ಗಂಡ ರಾಮಾಂಜಿನಪ್ಪ ರೈಲ್ವೆ ಹಳಿಯ ಪಕ್ಕ ಸಾಲಾಗಿ ರೂಮು ಕಟ್ಟಿಸಿ, ಬಾಡಿಗೆಗೆ ಬಿಟ್ಟು, ಒಂದು ದಿನ ಕಾಫಿ ಕುಡಿಯುತ್ತಾ ಕೂತಲ್ಲೇ ಹೋಗಿಬಿಟ್ಟ. ಬಾಯಿ ಜೋರಿಲ್ಲದಿದ್ದರೆ ಈ ವಠಾರದಲ್ಲಿ ನನ್ನ ಮಾತನ್ನು ಯಾವ ನನ್ಮಗ ಕೇಳುತ್ತಿದ್ದ? ನಾನು ಬೈಯದ ಬಾಡಿಗೆದಾರನೆಂದರೆ ಕೊನೆಯ ರೂಮಿನ ಸಾಯಬಣ್ಣ ಒಬ್ಬನೇ. ಬೈಯುವುದಕ್ಕೆ ಅವನು ಆಸ್ಪದವನ್ನೇ ಕೊಡುತ್ತಿರಲಿಲ್ಲ. ಈಗ ಬೈಯಬೇಕು ಅನ್ನಿಸುತ್ತದೆ, ಆದರೆ ಮುಖ ನೋಡಿದರೆ ಬಾಯಿ ಬರುವುದಿಲ್ಲ. ಅದಕ್ಕೇ ಹೀಗೆ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಅವನು ಶಹಾಪುರದ ಕಡೆಯವನು. ಹೆಂಡತಿ ಅಮೃತಮ್ಮನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದವನು, ಬೆನ್ನು ಹಿಡಿದುಕೊಂಡ ಮೇಲೆ ಒಂದು ಶಾಲೆಯ ಬಸ್ಸಿನಲ್ಲಿ ಅಟೆಂಡರ್ ಆದ. ಮಕ್ಕಳನ್ನು ಎತ್ತಿ ಹತ್ತಿಸುವುದು, ಎತ್ತಿ ಇಳಿಸುವುದು, ವಾಂತಿ ಮಾಡಿದರೆ ಒರೆಸುವುದು. ತಮಗೆ ಮಕ್ಕಳಿರಲಿಲ್ಲ. ಸಾಯಬಣ್ಣನ ತಂಗಿ ಸತ್ತಾಗ ಅವಳ ಮಗ ದತ್ತುವನ್ನು ಊರಿನಿಂದ ಕರೆದುಕೊಂಡು ಬಂದರು. ನಮ್ಮ ಹುಡುಗ ಎಂದು ಸಾಯಬಣ್ಣ ಹೇಳಿದರೆ ಯಾರೂ ಅಳಿಯ ಅಂದುಕೊಳ್ಳುತ್ತಿರಲಿಲ್ಲ, ಮಗ ಅಂತಲೇ ತಿಳಿಯುತ್ತಿದ್ದರು. ಇನ್ನೊಂದು ಮಾತು. ಸಾಯಬಣ್ಣನ ಅಪ್ಪ ಕುಡಿದೇ ಸತ್ತವನು. ಹಾಗಾಗಿ ಇವನು ಹೆಂಡದ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವ ಪೈಕಿ. ಗಣೇಶನ ಹಬ್ಬದಲ್ಲಿ ವಠಾರದ ಗಂಡಸರೆಲ್ಲ ತೂರಾಡುವಾಗ ಅವರನ್ನು ಒಬ್ಬೊಬ್ಬರಾಗಿ ಹೊತ್ತು ತಂದು ಮಲಗಿಸುವವನು ಇವನೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದತ್ತುವಿಗೆ ಸೈಕಲ್ಲಿನ ಹುಚ್ಚು ಹಿಡಿಸಿದ್ದೂ ಸಾಯಬಣ್ಣನೇ. ಭಾನುವಾರ ಬೆಳಗ್ಗೆ ಇಬ್ಬರೂ ಕೆ.ಆರ್. ಪುರದ ತೂಗುಸೇತುವೆಯವರೆಗೆ ಹೋಗುತ್ತಿದ್ದರು. ಇವನದ್ದು ಹಾಲಿನವರು ಓಡಿಸುವಂಥ ಕಬ್ಬಿಣದ ಸೈಕಲ್ಲು, ಹುಡುಗನದ್ದು ಶಿವಾಜಿನಗರದ ಗುಜರಿಯಿಂದ ತಂದದ್ದು. ಸೇತುವೆಯ ಏರು ಬಂದಾಗ ದತ್ತು ಏದುಸಿರು ಬಿಡುತ್ತಾ, “ಮಾಮಾ, ಕೈ ಹಚ್ಚು” ಎನ್ನುತ್ತಿದ್ದ. ಸಾಯಬಣ್ಣ ಪಕ್ಕದಲ್ಲೇ ಪೆಡಲ್ ತುಳಿಯುತ್ತಾ ಒಂದು ಅಂಗೈಯನ್ನು ಅವನ ಬೆನ್ನಿಗಿಟ್ಟು ಏರಿನ ತುದಿಯವರೆಗೆ ತಳ್ಳುತ್ತಿದ್ದ. ಪೆಟ್ರೋಲ್ ಮುಗಿದ ಸ್ಕೂಟರನ್ನು ಹಿಂದಿನವನು ಕಾಲು ಕೊಟ್ಟು ತಳ್ಳಿಕೊಂಡು ಹೋಗುವುದನ್ನು ಈ ಊರಿನಲ್ಲಿ ಯಾರು ನೋಡಿಲ್ಲ? ಹಾಗೆಯೇ ಇದು. ಯಾರಿಗೂ ತಪ್ಪೆಂದು ತೋರುವ ಸಂಗತಿಯಲ್ಲ.

ಆ ಏರಿನಲ್ಲೇ ಇವರು ಸುದರ್ಶನನ ಕಣ್ಣಿಗೆ ಬಿದ್ದದ್ದು. ಸುದರ್ಶನ ಹೊಸ ತಿಪ್ಪಸಂದ್ರದವನು, ಇನ್ಶೂರೆನ್ಸ್ ಆಫೀಸಿನಲ್ಲಿ ದೊಡ್ಡ ಹುದ್ದೆ. ‘ತಿಪ್ಪಸಂದ್ರ ಪೆಡಲ್ ಬಳಗ’ ಎಂದು ಒಂದು ಗುಂಪು ಕಟ್ಟಿಕೊಂಡಿದ್ದ. ಹೊಟ್ಟೆ ಬಂದ ಗಂಡಸರು, ಮೈಗಂಟುವ ಬಟ್ಟೆ, ಕುಂಡೆಗೆ ಮೆತ್ತೆ ಹೊಲಿದ ಚಡ್ಡಿ, ಕಾರಿನಷ್ಟು ಬೆಲೆಯ ಸೈಕಲ್ಲು. ಬೆಳಗ್ಗೆ ಹೊಸಕೋಟೆಯವರೆಗೆ ತುಳಿದು, ಇಡ್ಲಿ ತಿಂದು, ಫೋಟೋ ಹಾಕಿ ಮನೆಗೆ ಬರುವ ಜನ. ಆದರೆ ಒಂದು ಒಪ್ಪಿಕೊಳ್ಳಬೇಕು, ದತ್ತುವಿನ ಕಾಲಿನಲ್ಲಿರುವ ಶಕ್ತಿಯನ್ನು ಮೊದಲು ಗುರುತಿಸಿದವನು ಸುದರ್ಶನನೇ. ಒಳ್ಳೆಯ ಸೈಕಲ್ ಕೊಡಿಸಿದ, ಕೋಚ್ ಹತ್ತಿರ ಸೇರಿಸಿದ. ಹುಡುಗ ಬೆಳೆದು ಇಪ್ಪತ್ತು ದಾಟುವಷ್ಟರಲ್ಲಿ ಸಂಬಳ ಕೊಟ್ಟು ರೇಸ್ ಮಾಡಿಸುವ ಒಂದು ತಂಡಕ್ಕೆ ಸೇರಿಬಿಟ್ಟ.

“ಕಾವೇರಕ್ಕಾರ, ನಮ್ಮ ದತ್ತು ಟೀಮಿನಾಗ ಸೇರ್ಯಾನ್ರಿ. ಮೈಸೂರಿಂದ ಬೆಂಗಳೂರಿಗಿ ರೇಸ್ ಐತಂತ, ಐದು ದಿನದ್ದು” ಎಂದು ಸಾಯಬಣ್ಣ ನನ್ನ ಬಾಗಿಲಿಗೆ ಬಂದು ಹೇಳಿದಾಗ ಅವನ ಕೈಯಲ್ಲಿ ಪೇಡೆಯ ಡಬ್ಬ ಇತ್ತು.

“ಐದು ದಿನ ಸೈಕಲ್ ತುಳಿಯೋಕೆ ಹುಚ್ಚೇನಯ್ಯಾ? ರೈಲಿದೆಯಲ್ಲ!” ಎಂದೆ. ಅವನು ನಕ್ಕ.

ರೇಸಿನ ಕ್ರಮ ಆಮೇಲೆ ನನಗೂ ಅರ್ಥವಾಯಿತು. ದಿನಕ್ಕೊಂದು ದಾರಿ, ಒಂದೊಂದು ಊರು. ಎಲ್ಲ ದಿನಗಳ ಹೊತ್ತನ್ನು ಕೂಡಿಸಿ ಗೆದ್ದವನನ್ನು ಹೇಳುತ್ತಾರೆ. ಕೊನೆಯಲ್ಲಿ ಬರುವವನೂ ಗೊತ್ತಾದ ಹೊತ್ತಿನೊಳಗೆ ಬರಬೇಕು. ತಡವಾದರೆ ಹಿಂದೆಯೇ ಬರುವ ಒಂದು ವ್ಯಾನು ಅವನನ್ನೂ ಅವನ ಸೈಕಲ್ಲನ್ನೂ ಎತ್ತಿ ಹಾಕಿಕೊಳ್ಳುತ್ತದೆ, ಅಲ್ಲಿಗೆ ಅವನ ರೇಸು ಮುಗಿಯಿತು. ಬಳಗದವರು ಅದನ್ನು ಪೊರಕೆ ಗಾಡಿ ಎನ್ನುತ್ತಿದ್ದರು. ದತ್ತುವಿಗೆ ತಂಡದ ಮ್ಯಾನೇಜರು ಹೇಳಿದ್ದು ಒಂದೇ ಮಾತು: ಗೆಲ್ಲಬೇಡ, ಮುಗಿಸು. ಮುಗಿಸಿದರೆ ಮುಂದಿನ ವರ್ಷಕ್ಕೂ ಕೆಲಸ, ಇಲ್ಲದಿದ್ದರೆ ಮನೆಗೆ.

ಬಳಗದವರು ಟೆಂಪೋ ಟ್ರಾವೆಲರ್ ಮಾಡಿಕೊಂಡು ಐದೂ ದಿನ ರೇಸಿನ ಹಿಂದೆ ಹೋಗುವುದೆಂದು ತೀರ್ಮಾನಿಸಿದರು. ರಸ್ತೆ ಮುಚ್ಚುವುದಕ್ಕೆ ಮುಂಚೆ ಬೆಳಗ್ಗೆ ಆ ದಿನದ ದಾರಿಯನ್ನು ತಾವೂ ತುಳಿಯುವುದು, ಆಮೇಲೆ ಹಗ್ಗದಾಚೆ ನಿಂತು ನಿಜವಾದ ರೇಸಿನವರಿಗೆ ಕೂಗುವುದು. ಸಾಯಬಣ್ಣನನ್ನೂ ಕರೆದರು. ಅವನು ಶಾಲೆಯಲ್ಲಿ ರಜೆ ಕೇಳಿ, ಕಬ್ಬಿಣದ ಸೈಕಲ್ಲನ್ನು ಟೆಂಪೋ ಮೇಲೆ ಕಟ್ಟಿ ಹೊರಟ. ದತ್ತುವಿನ ಮಾಮನೆಂದು ಗೌರವಕ್ಕೆ ಕರೆದರು ಅಂದುಕೊಂಡಿದ್ದ, ಪಾಪ. ಅಲ್ಲಿ ಹೋದ ಮೇಲೆ ಗಾಳಿ ಹೊಡೆಯುವುದು, ಕಲ್ಲಂಗಡಿ ಹೆಚ್ಚುವುದು, ಬೆವರಿನ ಬಟ್ಟೆ ಒಗೆದು ಒಣಗಿಸುವುದು ಇವನ ಪಾಲಿಗೆ ಬಂತು. ಏರು ಬಂದಾಗಲೆಲ್ಲ ಸುದರ್ಶನನೂ ಅವನ ಗೆಳೆಯರೂ, “ಸಾಯಬಣ್ಣಾ, ಸ್ವಲ್ಪ ಪುಶ್ ಕೊಡು ಗುರೂ” ಎನ್ನುವವರು. ಇವನು ಕಬ್ಬಿಣ ತುಳಿಯುತ್ತಾ ಆ ಮೂಟೆಗಳನ್ನು ಒಬ್ಬೊಬ್ಬರಾಗಿ ಏರಿಗೆ ಮುಟ್ಟಿಸಿ, ಮತ್ತೆ ಇಳಿದು ಬಂದು ಇನ್ನೊಬ್ಬನ ಬೆನ್ನಿಗೆ ಕೈ ಹಚ್ಚುವನು. ಹಾಗೆ ಮಾಡಿ ಮಾಡಿ ಕೊನೆಗೆ ಬರುವವನು ಇವನೇ ಆಗುತ್ತಿದ್ದ. ಅದಕ್ಕೆ ‘ಪೊರಕೆ ಗಾಡಿ ಬಂತು’ ಎಂದು ಅವರೇ ಕೂಗಿ ನಗುತ್ತಿದ್ದರು. ಇವನೂ ನಗುತ್ತಿದ್ದ.

ರೇಸಿನವರು ಕುಡಿದ ನೀರಿನ ಬಾಟಲಿಯನ್ನು ಓಡುತ್ತಲೇ ಎಸೆಯುತ್ತಾರೆ. ಅದನ್ನು ಹೆಕ್ಕುವುದಕ್ಕೆ ನೋಡುವವರ ನಡುವೆ ನೂಕಾಟ. ಚಾಮರಾಜನಗರದ ಹತ್ತಿರ ದತ್ತು ಎಸೆದ ಬಾಟಲಿ ಸಾಯಬಣ್ಣನ ಕಾಲಿಗೇ ಬಂದು ಬಿತ್ತು. ಎಸೆದವನು ನೋಡಿಯೇ ಎಸೆದದ್ದು ಎಂದು ಇವನು ಇವತ್ತಿಗೂ ಹೇಳುತ್ತಾನೆ. ಸುದರ್ಶನ ಅದನ್ನು ಇವನ ಕೈಯಿಂದ ತೆಗೆದುಕೊಂಡು, “ಇದು ಬಳಗದ ಆಸ್ತಿ” ಎಂದ. ಈಗ ಅದು ಅವನ ಮನೆಯ ಶೋಕೇಸಿನಲ್ಲಿದೆ. ನಾನೇ ನೋಡಿದ್ದೇನೆ, ಪಕ್ಕದಲ್ಲಿ ಪುಟ್ಟ ಲೈಟು ಬೇರೆ ಹಾಕಿಸಿದ್ದಾನೆ.

ನಾಲ್ಕನೆಯ ದಿನ ದತ್ತು ಬಿದ್ದ. ಮೊಣಕಾಲು ಕಿತ್ತುಹೋಗಿ ಬಾತುಕೊಂಡಿತು. ಆದರೂ ಎದ್ದು ಆ ದಿನ ಮುಗಿಸಿದ. ಐದನೆಯ ದಿನ ಭಾನುವಾರ, ನಮ್ಮ ಕಡೆಯೇ ರೇಸು. ಹಲಸೂರು ಕೆರೆಯ ಹತ್ತಿರ ಹೊರಟು, ಹಳೆ ಮದ್ರಾಸು ರಸ್ತೆಯಲ್ಲಿ ಬಂದು, ಕೆ.ಆರ್. ಪುರದ ಸೇತುವೆ ಹತ್ತಿ ಇಳಿದು ಮತ್ತೆ ಹಲಸೂರಿಗೆ, ಹೀಗೆ ಸುತ್ತು. ನಾನೂ ಅಮೃತಮ್ಮನೂ ಛತ್ರಿ ಹಿಡಿದು ಸೇತುವೆಯ ಏರಿಗೆ ಹೋದೆವು. ಸಾಯಬಣ್ಣ ಮೊದಲೇ ಅಲ್ಲಿದ್ದ. ನಾಲ್ಕು ದಿನದ ಬಿಸಿಲಿಗೆ ಮುಖ ಕರಕಲಾಗಿತ್ತು, ಕಣ್ಣು ಕೆಂಪಗಾಗಿತ್ತು. ಬಿಸಿಲಿಗೆ ತಲೆ ಸುತ್ತಿ ಮೈ ಸ್ವಲ್ಪ ಓಲಾಡುತ್ತಿತ್ತು.

ಒಂದೊಂದು ಸುತ್ತಿಗೂ ದತ್ತು ಹಿಂದೆ ಬೀಳುತ್ತಾ ಹೋದ. ಕೊನೆಯ ಸುತ್ತಿಗೆ ಎಲ್ಲರೂ ಹೋಗಿ ಎಷ್ಟೋ ಹೊತ್ತಾದ ಮೇಲೆ ಒಬ್ಬನೇ ಬಂದ. ಹಿಂದೆಯೇ ಪೊರಕೆ ಗಾಡಿ, ಬಾಗಿಲು ಆಗಲೇ ತೆರೆದುಕೊಂಡು. ಒಂದು ಕಾಲು ತುಳಿಯುತ್ತಿತ್ತು, ಇನ್ನೊಂದು ಸುಮ್ಮನೆ ಪೆಡಲ್ಲಿನ ಜೊತೆ ಸುತ್ತುತ್ತಿತ್ತು. ಏರಿನ ಅರ್ಧದಲ್ಲಿ ಸೈಕಲ್ಲು ನಿಂತೇಹೋಯಿತು ಅನ್ನುವಷ್ಟು ನಿಧಾನವಾಯಿತು. ಅಮೃತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ದತ್ತು ತಲೆ ಎತ್ತಿ ನಮ್ಮ ಕಡೆ ನೋಡಿದ.

“ಮಾಮಾ, ಕೈ ಹಚ್ಚು” ಎಂದ.

ನನ್ನ ಕಿವಿಯಾರೆ ಕೇಳಿದ್ದು. ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಸಾಯಬಣ್ಣ ಹಗ್ಗ ದಾಟಿ ಓಡಿದ. ಚಪ್ಪಲಿ ಒಂದು ಕಡೆ ಹಾರಿತು. ಬೆನ್ನಿಗೆ ಕೈ ಕೊಟ್ಟು, “ಹಚ್ಚೀನಿ, ತುಳಿ! ತುಳಿಯಪಾ!” ಎಂದು ಕೂಗುತ್ತಾ ಏರಿನ ತುದಿಯವರೆಗೂ ತಳ್ಳಿಕೊಂಡೇ ಹೋದ. ನಾವೆಲ್ಲ ಕೇಕೆ ಹಾಕಿದೆವು. ನಾನು ಛತ್ರಿ ಮೇಲಕ್ಕೆತ್ತಿ ಕುಣಿದೆ, ಸುಳ್ಳೇಕೆ ಹೇಳಲಿ? ಬೈಕಿನಲ್ಲಿ ಬಂದ ತೀರ್ಪುಗಾರನೊಬ್ಬ ಸೀಟಿ ಊದಿದಾಗಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾದದ್ದು. ನಿಜವಾದ ರೇಸಿನಲ್ಲಿ ನೋಡುವವರು ತಳ್ಳಬಾರದಂತೆ. ಆ ನಿಯಮವನ್ನು ಸುದರ್ಶನ ಮೊದಲ ದಿನವೇ ಟೆಂಪೋದಲ್ಲಿ ಇಂಗ್ಲಿಷಿನಲ್ಲಿ ಓದಿ ಹೇಳಿದ್ದನಂತೆ. ಸಾಯಬಣ್ಣನಿಗೆ ಕನ್ನಡದಲ್ಲಿ ಹೇಳಬೇಕೆಂದು ಒಬ್ಬನಿಗೂ ತೋಚಲಿಲ್ಲ. ನಾಲ್ಕು ದಿನ ಇವನ ಕೈಯಲ್ಲಿ ತಳ್ಳಿಸಿಕೊಂಡವರಿಗೆ!

ರೇಸಿನವರ ಬೌನ್ಸರುಗಳು ಬಂದು ಅವನನ್ನು ಜೀಪಿಗೆ ಹತ್ತಿಸಿದರು. ನಾನೂ ಹತ್ತಿದೆ. “ಇಳೀರಿ ಅಮ್ಮ” ಅಂದರು. “ಇಳಿಯಲ್ಲ, ಏನ್ ಕಿತ್ಕೋತೀರೋ ಕಿತ್ಕೊಳ್ಳಿ” ಅಂದೆ.

ಹಲಸೂರಿನಲ್ಲಿ ತೀರ್ಪುಗಾರರ ಡೇರೆ. ಒಳಗೆ ದತ್ತು ಕುರ್ಚಿಯಲ್ಲಿ ಕೂತಿದ್ದ, ಮೊಣಕಾಲಿಗೆ ಐಸು ಇಟ್ಟಿದ್ದರು. ಹೊತ್ತು ಮೀರುವುದಕ್ಕೆ ಮುಂಚೆ ಗೆರೆ ಮುಟ್ಟಿದ್ದ. ಪಕ್ಕದಲ್ಲಿ ಸುದರ್ಶನ. ದೊಡ್ಡ ತೀರ್ಪುಗಾರರು ಹೊರಗಿನವರು, ಸುದರ್ಶನನೇ ಅವರ ಮಾತನ್ನು ಕನ್ನಡ ಮಾಡಿ ಹೇಳಿದ. ನೋಡುವವನು ತಾನಾಗಿ ತಳ್ಳಿದ್ದರೆ ಸವಾರನಿಗೆ ಸಣ್ಣ ದಂಡ, ರೇಸು ಉಳಿಯುತ್ತದೆ. ಸವಾರನೇ ಗುರುತಿನವನನ್ನು ಕರೆದು ತಳ್ಳಿಸಿಕೊಂಡಿದ್ದರೆ ರೇಸಿನಿಂದಲೇ ಹೊರಗೆ.

“ಈ ವ್ಯಕ್ತಿ ನಿನಗೆ ಗೊತ್ತಾ ಅಂತ ಕೇಳ್ತಿದಾರೆ ದತ್ತು” ಎಂದ ಸುದರ್ಶನ. ನಾಲ್ಕು ದಿನ ಸಾಯಬಣ್ಣನ ಕೈಯಲ್ಲಿ ಬನಿಯನ್ ಒಗೆಸಿಕೊಂಡವನು ಕಣ್ಣು ಪಿಳುಕಿಸದೆ ಹಾಗೆ ಕೇಳಿದ.

ದತ್ತು ಮೊಣಕಾಲನ್ನೇ ನೋಡುತ್ತಿದ್ದ. “ಇಲ್ಲ ಸರ್. ಯಾರೋ ಗೊತ್ತಿಲ್ಲ.”

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಅವನ ಕಷ್ಟ ನನಗೂ ಕಾಣುತ್ತಿತ್ತು. ಆದರೆ ಅವನು ಇನ್ನೂ ಒಂದು ಮಾತು ಸೇರಿಸಿದ: “ಬೇಡ ಬೇಡ ಅಂದೆ ಸರ್, ಬಿಡಲಿಲ್ಲ. ಕುಡ್ದಿದಾನೆ ಅನ್ಸುತ್ತೆ.”

ಎಲ್ಲರೂ ಸಾಯಬಣ್ಣನ ಕಡೆ ತಿರುಗಿದರು. ಕೆಂಪು ಕಣ್ಣು, ಕೆದರಿದ ತಲೆ, ಒಂದೇ ಕಾಲಿನಲ್ಲಿ ಚಪ್ಪಲಿ. ನಾನು ಬಾಯಿ ತೆರೆದೆ. ಅವನು ನನ್ನ ಕೈಯನ್ನು ಹಿಡಿದು ಅದುಮಿದ. ಅಷ್ಟು ವರ್ಷದಲ್ಲಿ ಅವನು ನನ್ನ ಕೈ ಮುಟ್ಟಿದ್ದು ಅದೊಂದೇ ಸಲ. ಆಮೇಲೆ ತೀರ್ಪುಗಾರರಿಗೆ ಕೈಮುಗಿದ.

“ಹೌದ್ರಿ ಸಾಹೇಬ್ರ. ಕುಡ್ದೀನ್ರಿ. ಈ ಹುಡುಗ ಯಾರೋ ನನಗ ಗೊತ್ತಿಲ್ರಿ.”

ಹೊರಗೆ ತಂದ ಮೇಲೆ ಬೌನ್ಸರು ಕೆನ್ನೆಗೆ ಬಾರಿಸಿದ. ಇನ್ನೊಬ್ಬ ಅದನ್ನು ಫೋನಿನಲ್ಲಿ ಹಿಡಿದ. ನಾನು ಛತ್ರಿಯಿಂದ ಇಬ್ಬರಿಗೂ ಬಿಟ್ಟೆ, ಅದು ವಿಡಿಯೋದಲ್ಲಿ ಬಂದಿಲ್ಲ. ಬಂದದ್ದು ಸೇತುವೆಯ ಮೇಲೆ ಇವನು ಓಡಿದ್ದು, ಆಮೇಲೆ ಹೊಡೆಸಿಕೊಂಡದ್ದು. ಹಿಂದೆ ಯಾವುದೋ ತಮಟೆಯ ಸದ್ದು ಸೇರಿಸಿ ‘ಕುಡುಕನ ಸೈಕಲ್ ಸೇವೆ’ ಎಂದು ಹೆಸರಿಟ್ಟಿದ್ದರು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಪೆಡಲ್ ಬಳಗದ ಗುಂಪಿನಲ್ಲೂ ಹಾಕಿಕೊಂಡು ನಕ್ಕರಂತೆ.

ಮಂಗಳವಾರ ಸಾಯಬಣ್ಣ ಶಾಲೆಗೆ ಹೋದಾಗ ಗೇಟಿನಲ್ಲೇ ನಿಲ್ಲಿಸಿದರು. ಕುಡುಕನ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಎಂದು ತಂದೆತಾಯಂದಿರು ಕೇಳಿದ್ದರು. ತಪ್ಪೇನೂ ಅಲ್ಲ, ನನ್ನ ಮೊಮ್ಮಗು ಆಗಿದ್ದರೆ ನಾನೂ ಕೇಳುತ್ತಿದ್ದೆ. ಕುಡಿಯುವುದಿಲ್ಲ ಎಂದು ಇವನು ಒಂದು ಮಾತು ಹೇಳಿದ್ದರೆ ಡೇರೆಯಲ್ಲಿ ಹೇಳಿದ್ದು ಸುಳ್ಳಾಗುತ್ತಿತ್ತು. ಹೇಳಲಿಲ್ಲ. ಬಸ್ಸಿನ ಮಕ್ಕಳು ಕಿಟಕಿಯಿಂದ ‘ಅಣ್ಣಾ’ ಎಂದು ಕೈ ಬೀಸಿದವಂತೆ. ಮನೆಗೆ ಬಂದು ಅಷ್ಟನ್ನು ಮಾತ್ರ ಹೇಳಿದ.

ದತ್ತುವಿನ ಕೆಲಸ ಉಳಿಯಿತು. ಸಣ್ಣ ದಂಡ ಹಾಕಿ ಬಿಟ್ಟರು. ತಂಡದವರು ಕೊಟ್ಟ ಮನೆಗೆ ಹೋದವನು ಇತ್ತ ತಲೆ ಹಾಕಲಿಲ್ಲ. ಅಮೃತಮ್ಮ ಫೋನ್ ಮಾಡಿದರೆ, “ಈಗ ಬ್ಯಾಡ ಅತ್ತಿ, ಯಾರರ ನೋಡ್ತಾರ” ಎನ್ನುತ್ತಿದ್ದ.

ತಿಂಗಳು ಕಳೆದ ಮೇಲೆ ಸುದರ್ಶನ ವಠಾರಕ್ಕೆ ಬಂದ. ಕಿತ್ತುಹೋದ ಮೊಣಕಾಲಿನಲ್ಲೇ ರೇಸು ಮುಗಿಸಿದ ಹುಡುಗನೆಂದು, ದತ್ತು ಬೆಳೆದ ರೂಮನ್ನು ಟೀವಿಯವರು ತೋರಿಸಬೇಕಂತೆ. ರೇಸಿಗೆ ಮುಂಚೆ ಯಾವುದೋ ಪೇಪರಿಗೆ ದತ್ತು, ನನ್ನನ್ನು ಸಾಕಿದ್ದು ಮಾಮ ಎಂದು ಹೇಳಿದ್ದನಂತೆ. ಈಗ ಟೀವಿಯವರು ಆ ಮಾಮ ಎಲ್ಲಿ ಎಂದು ಕೇಳುತ್ತಿದ್ದಾರಂತೆ. ಮಾಮನ ಮುಖ ಟೀವಿಯಲ್ಲಿ ಬಂದರೆ ಇವನೇ ಆ ಕುಡುಕ ಎಂದು ಊರಿಗೆಲ್ಲ ತಿಳಿಯುತ್ತದೆ, ಡೇರೆಯಲ್ಲಿ ಹೇಳಿದ ಸುಳ್ಳು ಹೊರಬಿದ್ದು ಹುಡುಗನ ಕೆಲಸ ಹೋಗುತ್ತದೆ.

“ಅದಕ್ಕೆ ಮಾಮ ತೀರ್ಕೊಂಡ್ರು ಅಂತ ಹೇಳ್ಬಿಟ್ಟಿದೀವಿ” ಎಂದ ಸುದರ್ಶನ. “ಸಾಯಬಣ್ಣ, ನೀನು ಒಂದು ಗಂಟೆ ಮೇಲೆ ಟೆರೇಸಲ್ಲಿ ಇದ್ಬಿಡು. ಅಮೃತಮ್ಮ, ನೀವು ಮಾತ್ರ ಸ್ವಲ್ಪ... ಈ ಕುಂಕುಮ, ಬಳೆ...”

ನನ್ನ ಮೈ ಉರಿದುಹೋಯಿತು. “ಥೂ ನಿನ್ ಜನ್ಮಕ್ಕಿಷ್ಟು! ನಿನ್ನ ಹೆಂಡ್ತಿ ಹಣೆ ಒರೆಸ್ಕೊಂಡು ಬಾ ಹೋಗು, ಆಮೇಲೆ ಇಲ್ಲಿಗೆ ಬಾ” ಎಂದೆ. ನನ್ನ ಹಣೆಯದ್ದನ್ನು ನಾದಿನಿಯರು ಒರೆಸಿದ್ದರು. ಆ ಒದ್ದೆ ಬಟ್ಟೆಯ ತಂಪು ಇವತ್ತಿಗೂ ನನಗೆ ಗೊತ್ತಿದೆ.

ಅಮೃತಮ್ಮ ಗಂಡನ ಮುಖ ನೋಡಿದಳು. ಅವನು ಒಂದು ಸಲ ಇಲ್ಲ ಎಂದಿದ್ದರೆ ಸಾಕಿತ್ತು. ನಾನು ಸುದರ್ಶನನನ್ನು ಬಾಗಿಲಾಚೆ ನೂಕಿಯೇ ಬಿಡುತ್ತಿದ್ದೆ.

“ಒಂದ್ ತಾಸಿನ ಮಾತ. ತಗಿ” ಎಂದ ಸಾಯಬಣ್ಣ. “ನಮ್ಮ ಹುಡುಗನ ಬಾಳಿನ ಪ್ರಶ್ನಿ ಐತಿ.”

ಅಮೃತಮ್ಮ ಒಳಗೆ ಹೋದಳು. ಬಂದಾಗ ಹಣೆ, ಕೈ ಎರಡೂ ಬೋಳು.

ಟೀವಿಯಿಂದ ಆಶ್ರಿತಾ ಎಂಬ ಹುಡುಗಿ ಬಂದಳು. ಒಳ್ಳೆಯ ಮಗುವೇ, ಅವಳಿಗೇನು ಗೊತ್ತು? ದತ್ತು ಕಾರಿನಿಂದ ಇಳಿದು, ನೆಲಕ್ಕೆ ಬಗ್ಗಿ ಅತ್ತೆಯ ಕಾಲು ಮುಟ್ಟಿದ. ಕ್ಯಾಮೆರಾ ಸರಿಯಾಗಿ ಬಂದಿಲ್ಲವೆಂದು ಎರಡನೆಯ ಸಲ ಮುಟ್ಟಿಸಿದರು. ಅತ್ತೆಯ ಹಣೆ ನೋಡಿ ಅವನು ಒಂದು ಕ್ಷಣ ತಡವರಿಸಿದ. ಮೈಕು ಬಾಯಿಗೆ ಬಂದ ತಕ್ಷಣ ಸರಿಹೋದ.

“ನಿಮ್ಮನ್ನ ಸಾಕಿದ ಮಾಮನ ಬಗ್ಗೆ ಹೇಳಿ” ಎಂದಳು ಆ ಹುಡುಗಿ.

“ನಮ್ಮ ಮಾಮ ತುಂಬಾ ಒಳ್ಳೆಯವರು. ನನ್ನ ಬೆನ್ನಿಗೆ ಕೈ ಕೊಟ್ಟು ಸೈಕಲ್ ಕಲಿಸಿದ್ರು. ಇವತ್ತು ಅವರು ಇರಬೇಕಿತ್ತು” ಎಂದ ದತ್ತು. ಅವನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೇ.

ಆ ಮಾತು ಮೇಲಿನವರೆಗೂ ಕೇಳಿಸಿತು. ನಮ್ಮ ಟೆರೇಸಿಗೆ ಎಷ್ಟು ದೂರ? ನೀರಿನ ಟ್ಯಾಂಕಿನ ಹಿಂದೆ ಸಾಯಬಣ್ಣ ಬಿಸಿಲಿನಲ್ಲಿ ಕೂತಿದ್ದ. ಕೆಮ್ಮು ಬಂದರೆ ಟವೆಲ್ಲನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದನಂತೆ.

“ಯಜಮಾನರು ಹೋಗಿ ಎಷ್ಟು ದಿನ ಆಯ್ತಮ್ಮಾ?” ಎಂದು ಆಶ್ರಿತಾ ಮೆಲ್ಲಗೆ ಕೇಳಿದಳು.

“ಹ್ವಾದ ತಿಂಗಳ ಐತವಾರ, ರೇಸಿನ ದಿನ” ಎಂದಳು ಅಮೃತಮ್ಮ. ದತ್ತುವಿನ ಮುಖ ಬೆಳ್ಳಗಾಯಿತು. ಆ ಹುಡುಗಿ ಪಾಪ, ಅಮೃತಮ್ಮನ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಂಡಳು.

ಮಾತು ಮುಗಿದ ಮೇಲೆ ದತ್ತು ಮೆಟ್ಟಿಲ ಹತ್ತಿರ ಬಂದು ನಿಂತ. ಮೇಲೆ ಹೋಗುತ್ತಾನೆ ಅಂದುಕೊಂಡೆ. ಸುದರ್ಶನ ಕಾರಿನಿಂದ ಹಾರ್ನ್ ಹೊಡೆದ. ಅವನು ಶೂ ದಾರ ಕಟ್ಟಿಕೊಂಡು ಹೊರಟುಹೋದ.

ಸಾಯಬಣ್ಣ ಇಳಿದು ಬಂದ. ಬಿಸಿಲಿಗೆ ತುಟಿ ಒಡೆದಿತ್ತು. “ಚಲೋ ಮಾತಾಡಿದನಲ್ಲಾ?” ಎಂದು ಹೆಂಡತಿಯನ್ನು ಕೇಳಿದ. ಅವಳು ತಟ್ಟೆ ಹಾಕಿ, ರೊಟ್ಟಿ ಬಡಿಸಿ, ಗೋಡೆಗೆ ಒರಗಿ ಕೂತಳು.

ಮಾರನೆಯ ದಿನವೂ ಅವಳ ಹಣೆ ಬೋಳಾಗಿಯೇ ಇತ್ತು. ವಾರ ಕಳೆದರೂ ಹಾಗೆಯೇ. ವಠಾರದ ಹೆಂಗಸರು ಗುಸುಗುಸು ಅನ್ನತೊಡಗಿದರು. ಸಾಯಬಣ್ಣ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಹೊಸ ಕುಂಕುಮದ ಭರಣಿ, ಹಸಿರು ಬಳೆ ತಂದು ಕನ್ನಡಿಯ ಮುಂದೆ ಇಟ್ಟ. ಅವಳು ಮುಟ್ಟಲಿಲ್ಲ. ಕೊನೆಗೆ ನಾನೇ ತಡೆಯಲಾರದೆ ಹೋಗಿ ಗದರಿದೆ. “ಏನೇ ಇದು ಅನಿಷ್ಟ? ಗಂಡ ಬದುಕಿರೋವಾಗ! ಹಚ್ಕೊಳ್ಳೇ!”

ಸಾಯಬಣ್ಣ ಬಾಗಿಲಲ್ಲೇ ಕೂತು ಕಬ್ಬಿಣದ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅಮೃತಮ್ಮ ಅವನ ಕಡೆ ನೋಡಲೂ ಇಲ್ಲ.

“ಮಾಮ ಸತ್ತಾನ ಅಂತ ಹುಡುಗ ಅಂದ. ಇವರೂ ಹೂಂ ಅಂದ್ರು” ಎಂದಳು. “ನಾ ಒಬ್ಬಾಕಿ ಯಾಕ ಅಲ್ಲ ಅನ್ಲಿ, ಅಕ್ಕಾರ?”

ಸಾಯಬಣ್ಣ ಚೈನನ್ನು ಸುತ್ತಿಸುತ್ತಲೇ ಇದ್ದ.